ಸ್ಕೌಟ್–ಗೈಡ್ ಅಂಕಣ: ವಾರದ ಸಭೆಯ ಯೋಜನೆ, ಬ್ಯಾಜು ಕೊಡುವ ಹೊತ್ತು

ಶಾಲೆಗಳು ಆರಂಭವಾಗಿ ಹೊಸ ದಳಗಳು ರೂಪುಗೊಳ್ಳುತ್ತಿರುವ ಈ ದಿನಗಳಲ್ಲಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ವಿಷಯಗಳನ್ನು ಕುರಿತಿವೆ. ವಾರದ ಸಭೆಯಲ್ಲಿ ಏನು ಮಾಡಿಸಬೇಕು ಎಂಬುದು ಒಂದು. ಮಕ್ಕಳ ಸಾಧನೆಯನ್ನು ಯಾವಾಗ, ಹೇಗೆ ಗುರುತಿಸಬೇಕು ಎಂಬುದು ಇನ್ನೊಂದು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ಬೇಸಿಕ್ ತರಬೇತಿ ಮುಗಿಸಿ ಕಳೆದ ವರ್ಷ ಸ್ಕೌಟ್ ದಳ ಆರಂಭಿಸಿದೆ. ಮೂವತ್ತು ಹುಡುಗರಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಸಭೆ. ಸಾಲಾಗಿ ನಿಲ್ಲಿಸಿ ಪ್ರಾರ್ಥನೆ, ಧ್ವಜಗೀತೆ, ಸೆಲ್ಯೂಟ್, ಪಥಸಂಚಲನ ಮಾಡಿಸುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಸ್ವಾತಂತ್ರ್ಯ ದಿನಾಚರಣೆ ಕಳೆದ ಮೇಲೆ ಅರ್ಧಕ್ಕರ್ಧ ಹುಡುಗರು ಬರುವುದನ್ನೇ ಬಿಟ್ಟರು. ಈ ವರ್ಷ ಹಾಗಾಗದಂತೆ ಸಭೆಗಳನ್ನು ಹೇಗೆ ಯೋಜಿಸಲಿ?
— ಸ್ಕೌಟ್ ಮಾಸ್ಟರ್, ಕೊಪ್ಪಳ ಜಿಲ್ಲೆ

ಉತ್ತರ: ಹುಡುಗರು ಬಿಟ್ಟುಹೋದ ಕಾರಣ ನಿಮ್ಮ ಪತ್ರದಲ್ಲೇ ಇದೆ. ಆ ಒಂದು ಗಂಟೆಯಲ್ಲಿ ಮೂವತ್ತು ಮಂದಿಯೂ ನಿಮ್ಮ ಆಜ್ಞೆಗಾಗಿ ಕಾದು ನಿಂತಿದ್ದರು. ತನ್ನದು ಎಂದು ಹೇಳಿಕೊಳ್ಳುವ ಕೆಲಸ ಅವರಲ್ಲಿ ಒಬ್ಬನಿಗೂ ಇರಲಿಲ್ಲ. ಆಗಸ್ಟ್ 15ಕ್ಕೆ ಪಥಸಂಚಲನ ಬೇಕೇ ಬೇಕು, ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಸಮಿತಿಯವರೂ (ಎಸ್‌ಡಿಎಂಸಿ) ಅದನ್ನು ನಿರೀಕ್ಷಿಸುತ್ತಾರೆ, ಅದನ್ನು ತಳ್ಳಿಹಾಕಿ ಎಂದು ನಾನು ಹೇಳುವುದಿಲ್ಲ. ದೈಹಿಕ ಶಿಕ್ಷಣ ಶಿಕ್ಷಕರ ಜೊತೆ ಮಾತನಾಡಿ ಅದಕ್ಕೆ ಬೇರೆ ಸಮಯ ಗೊತ್ತುಮಾಡಿಕೊಳ್ಳಿ. ವಾರದ ಸಭೆಯನ್ನು ಮಾತ್ರ ಅದಕ್ಕೆ ಬಲಿಕೊಡಬೇಡಿ.

ಮೊದಲು ಆಗಬೇಕಾದದ್ದು ಪಟ್ರೋಲ್‌ಗಳ, ಅಂದರೆ ದಳದೊಳಗಿನ ಚಿಕ್ಕ ತಂಡಗಳ ರಚನೆ, ಅದೂ ಕಾಗದದ ಮೇಲಲ್ಲ. ಒಂದು ಪಟ್ರೋಲಿನಲ್ಲಿ ಆರರಿಂದ ಎಂಟು ಮಂದಿ, ದಳದಲ್ಲಿ ಹೆಚ್ಚೆಂದರೆ 32 ಮಂದಿ ಎಂಬ ನಿಯಮದಂತೆ ನಿಮ್ಮ ಮೂವತ್ತು ಹುಡುಗರನ್ನು ನಾಲ್ಕು ಪಟ್ರೋಲ್‌ಗಳಾಗಿ ವಿಂಗಡಿಸಬಹುದು. ಎಂಟನೆಯ ತರಗತಿಯವರದೊಂದು, ಒಂಬತ್ತನೆಯವರದೊಂದು ಎಂದು ಮಾಡಿದರೆ ಕಲಿಸುವವರೆಲ್ಲ ಒಂದೆಡೆ, ಕಲಿಯಬೇಕಾದವರೆಲ್ಲ ಇನ್ನೊಂದೆಡೆ ಸೇರಿಬಿಡುತ್ತಾರೆ. ಆದ್ದರಿಂದ ತರಗತಿಗಳನ್ನೂ ಊರುಗಳನ್ನೂ ಬೆರೆಸಿ. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲಿ ಸಿರಿವಂತರ ಶಾಲೆಗಳ ಹುಡುಗರನ್ನೂ ದುಡಿದು ತಿನ್ನುವ ಮನೆಗಳ ಹುಡುಗರನ್ನೂ ಬೆರೆಸಿ, ತೋಳ, ಗೂಳಿ, ಕರ್ಲ್ಯೂ ಹಕ್ಕಿ ಮತ್ತು ರೇವನ್ ಕಾಗೆಯ ಹೆಸರಿನ ನಾಲ್ಕು ಪಟ್ರೋಲ್‌ಗಳನ್ನು ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕನನ್ನಾಗಿ ನೇಮಿಸಿದ್ದರು. ಅದಾದ ಎರಡೇ ವರ್ಷಕ್ಕೆ, 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಭಾರತದ ಮೊದಲ ಸ್ಕೌಟ್ ದಳ ಆರಂಭವಾಯಿತು. ಅಂದಿನಿಂದ ಸಮವಸ್ತ್ರ, ಪಠ್ಯಕ್ರಮ, ಸಂಸ್ಥೆಯ ಹೆಸರು ಎಲ್ಲವೂ ಬದಲಾಗಿವೆ. ಪಟ್ರೋಲ್ ಪದ್ಧತಿ ಮಾತ್ರ ಹಾಗೆಯೇ ಉಳಿದಿದೆ.

ಎರಡನೆಯದು ಕೋರ್ಟ್ ಆಫ್ ಆನರ್. ಹೆಸರು ಕೇಳಿ ಇದು ತಪ್ಪಿತಸ್ಥರನ್ನು ವಿಚಾರಿಸುವ ಸಭೆ ಎಂದುಕೊಳ್ಳುವವರಿದ್ದಾರೆ. ಶಿಸ್ತಿನ ವಿಷಯ ಅಲ್ಲಿಗೆ ಬರುವುದುಂಟು, ಆದರೆ ಅದರ ದಿನನಿತ್ಯದ ಕೆಲಸ ಯೋಜನೆ. ನಾಲ್ವರು ಪಟ್ರೋಲ್ ಲೀಡರ್‌ಗಳು ತಿಂಗಳಿಗೊಮ್ಮೆ ಕುಳಿತು ಮುಂದಿನ ನಾಲ್ಕು ಶನಿವಾರಗಳಲ್ಲಿ ಏನೇನು ಆಗಬೇಕೆಂದು ತೀರ್ಮಾನಿಸುತ್ತಾರೆ, ಅವರಲ್ಲೊಬ್ಬ ನಡಾವಳಿ ಬರೆಯುತ್ತಾನೆ, ನೀವು ಸಲಹೆಗಾರರಾಗಿ ಪಕ್ಕದಲ್ಲಿರುತ್ತೀರಿ. ಅದಕ್ಕೆ ಮುಂಚೆ ಪ್ರತಿ ಪಟ್ರೋಲಿನವರು ತಮ್ಮತಮ್ಮಲ್ಲೇ ಕುಳಿತು ತಮಗೇನು ಬೇಕೆಂದು ಹೇಳಿಕಳುಹಿಸಿರಬೇಕು. ಮೊದಲ ಸಭೆಯಲ್ಲಿ ನಾಲ್ವರೂ ಬಾಯಿ ಬಿಡದೆ ನಿಮ್ಮ ಮುಖವನ್ನೇ ನೋಡುತ್ತಾರೆ, ಏಕೆಂದರೆ ಶಾಲೆಯಲ್ಲಿ ಯಾರೂ ಅವರನ್ನು ಹಾಗೆ ಕೇಳಿರುವುದಿಲ್ಲ. ಆಗ ಉತ್ತರವನ್ನು ನೀವೇ ಹೇಳಿಬಿಡಬೇಡಿ. ಎರಡು ಆಯ್ಕೆಗಳನ್ನು ಮುಂದಿಡಿ: ಈ ತಿಂಗಳು ಗಂಟುಗಳನ್ನು ಮುಗಿಸೋಣವೇ, ಪ್ರಥಮ ಚಿಕಿತ್ಸೆ ಹಿಡಿಯೋಣವೇ? ಕ್ರಿಕೆಟ್ ಆಡೋಣ ಎಂಬ ಬೇಡಿಕೆಯೂ ಬರುತ್ತದೆ. ಅದನ್ನು ಗದರಿಸಿ ಅಲ್ಲಗಳೆಯುವ ಬದಲು, ಎಲ್ಲ ಮೂವತ್ತು ಮಂದಿ ಒಟ್ಟಿಗೆ ಆಡಬಹುದಾದ ಆಟವೊಂದನ್ನು ನೀವೇ ಹುಡುಕಿ ತನ್ನಿ ಎಂದು ಅವರಿಗೇ ವಹಿಸಿದರೆ ಸಾಕು.

ಇನ್ನು ಒಂದು ಗಂಟೆಯ ಲೆಕ್ಕ. ಧ್ವಜಾರೋಹಣ, ಪ್ರಾರ್ಥನೆಗಳಿಗೆ 5 ನಿಮಿಷ. ತಪಾಸಣೆಗೆ ಇನ್ನು 5. ಅದನ್ನು ನೀವು ಮಾಡದೆ ಪಟ್ರೋಲ್ ಲೀಡರ್‌ಗಳಿಂದಲೇ ಮಾಡಿಸಿ. ಒಂದು ವಾರ ಉಗುರು, ಇನ್ನೊಂದು ವಾರ ಸ್ಕಾರ್ಫು, ಮತ್ತೊಂದು ವಾರ ಜೇಬಿನಲ್ಲಿ ಹಗ್ಗವಿದೆಯೇ ಎಂಬುದು, ಹೀಗೆ ಒಂದೊಂದನ್ನೇ ನೋಡಿದರೆ ತಪಾಸಣೆ ಬೇಸರ ತರುವುದಿಲ್ಲ. ಅನಂತರ 10 ನಿಮಿಷ ಓಡಾಟದ ಆಟ, 15 ನಿಮಿಷ ಹೊಸ ವಿದ್ಯೆ, 15 ನಿಮಿಷ ಪಟ್ರೋಲ್ ಮೂಲೆಗಳಲ್ಲಿ, ಅಂದರೆ ಪ್ರತಿ ಪಟ್ರೋಲ್ ತನ್ನದೇ ಜಾಗದಲ್ಲಿ ಕುಳಿತು, ಅಭ್ಯಾಸ. ಉಳಿದ 10 ನಿಮಿಷದಲ್ಲಿ ಒಂದು ಹಾಡು ಅಥವಾ ಕಥೆ, ಪ್ರಕಟಣೆಗಳು, ಧ್ವಜಾವರೋಹಣ, ರಾಷ್ಟ್ರಗೀತೆ. ನಿಮಿಷಗಳು ಹಿಂದುಮುಂದಾದರೆ ಚಿಂತೆಯಿಲ್ಲ. ಪಟ್ರೋಲ್ ಮೂಲೆಯ ಹದಿನೈದು ನಿಮಿಷವನ್ನು ಮಾತ್ರ ಯಾವುದಕ್ಕೂ ಬಿಟ್ಟುಕೊಡಬೇಡಿ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ವಾರದ ವಿದ್ಯೆ ಚೌಕ ಬಿಗಿತ, ಅಂದರೆ ಸ್ಕ್ವೇರ್ ಲ್ಯಾಶಿಂಗ್ ಎಂದಿಟ್ಟುಕೊಳ್ಳಿ. ಕ್ಲೋವ್ ಹಿಚ್ ಗಂಟಿನಿಂದ ಆರಂಭಿಸಿ, ಎರಡು ಕೋಲುಗಳು ಕೂಡುವಲ್ಲಿ ಹಗ್ಗವನ್ನು ಸುತ್ತಿ, ಕೋಲುಗಳ ನಡುವೆ ಹಾಯಿಸಿ ಬಿಗಿದು, ಮತ್ತೆ ಕ್ಲೋವ್ ಹಿಚ್‌ನಿಂದಲೇ ಮುಗಿಸುವುದು. ಇದನ್ನು ಮೂವತ್ತು ಮಂದಿಗೆ ಒಟ್ಟಿಗೆ ತೋರಿಸಿದರೆ ಹಿಂದಿನ ಸಾಲಿನವರಿಗೆ ನಿಮ್ಮ ಬೆನ್ನು ಮಾತ್ರ ಕಾಣುತ್ತದೆ. ಹಿಂದಿನ ದಿನವೇ ನಾಲ್ವರು ಲೀಡರ್‌ಗಳನ್ನು ಕರೆದು ಅವರಿಗೆ ಕಲಿಸಿ. ಶನಿವಾರ ಅವರು ತಂತಮ್ಮ ಪಟ್ರೋಲಿಗೆ ಕಲಿಸಲಿ. ಬಳಿಕ ಪ್ರತಿ ಪಟ್ರೋಲಿಗೆ ಎರಡು ಉದ್ದದ, ಎರಡು ಗಿಡ್ಡದ ಬಿದಿರು ಕೋಲುಗಳನ್ನು ಕೊಟ್ಟು, ಉದ್ದದವುಗಳ ಮೇಲೆ ಗಿಡ್ಡದವುಗಳನ್ನು ಅಡ್ಡಲಾಗಿ ಬಿಗಿಯಲು ಹೇಳಿ. ಆ ಅಡ್ಡಕೋಲುಗಳ ಮೇಲೆ ನೀರು ತುಂಬಿದ ಬಕೆಟ್ ಇಟ್ಟು ನಾಲ್ವರು ಹೊತ್ತುಕೊಂಡು ಮೈದಾನದ ಆ ತುದಿ ಮುಟ್ಟಬೇಕು. ಬಿಗಿತ ಸಡಿಲವಿದ್ದರೆ ಅರ್ಧ ದಾರಿಯಲ್ಲೇ ಕೋಲು ಜಾರಿ ನೀರು ಚೆಲ್ಲುತ್ತದೆ. ತಪ್ಪೆಲ್ಲಿ ಆಯಿತೆಂದು ನೀವು ಹೇಳಬೇಕಾಗಿಯೇ ಇಲ್ಲ. ಒದ್ದೆಯಾದ ಹುಡುಗರು ಆ ನಾಲ್ಕು ಕೂಡುಗಳಲ್ಲಿ ಯಾವುದು ಸಡಿಲವೆಂದು ತಾವೇ ಹುಡುಕುತ್ತಾರೆ, ಮುಂದಿನ ವಾರ ಇನ್ನೊಮ್ಮೆ ಆಗಲಿ ಎಂದು ಕೇಳುತ್ತಾರೆ. ಮುಂದಿನ ವಾರದ ಹಾಜರಿಗೆ ಬೇರೆ ಉಪಾಯ ಬೇಕಿಲ್ಲ.

ವರ್ಷದ ಯೋಜನೆಗೆ ಶಾಲೆಯ ದಿನದರ್ಶಿಯೇ ಆಧಾರ. ಜೂನ್‌ನಲ್ಲಿ ಹೊಸಬರ ಸೇರ್ಪಡೆ ಮತ್ತು 'ಪ್ರವೇಶ' ಎಂಬ ಮೊದಲ ಹಂತದ ತಯಾರಿ, ಮಳೆಯ ದಿನಗಳಲ್ಲಿ ಗಂಟು ಮತ್ತು ಪ್ರಥಮ ಚಿಕಿತ್ಸೆ, ದಸರಾ ರಜೆಯ ಆಸುಪಾಸಿನಲ್ಲಿ ಒಂದು ಹೈಕ್ (ಕಾಲ್ನಡಿಗೆಯ ಪ್ರವಾಸ), ನವೆಂಬರ್ 7ರ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥಾಪನಾ ದಿನಕ್ಕೆ ಊರಿನಲ್ಲೊಂದು ಸೇವಾಕಾರ್ಯ, ಚಳಿಗಾಲದಲ್ಲಿ ಶಿಬಿರ, ಫೆಬ್ರುವರಿ 22ರ ಚಿಂತನಾ ದಿನದ (ಬೇಡನ್ ಪೊವೆಲ್ ಜನ್ಮದಿನ) ಹೊತ್ತಿಗೆ ವರ್ಷದ ಕೆಲಸದ ಮುಕ್ತಾಯ. ಮಾರ್ಚ್ ತಿಂಗಳನ್ನು ಪರೀಕ್ಷೆಗೆ ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ಗೈಡ್ ಕಂಪನಿಯ (ಹುಡುಗಿಯರ ದಳದ ಹೆಸರು ಹೀಗೆ) ಹುಡುಗಿಯರು ವರ್ಷದಲ್ಲಿ ಗಳಿಸಿದ ಬ್ಯಾಜುಗಳನ್ನೆಲ್ಲ ಶಾಲಾ ವಾರ್ಷಿಕೋತ್ಸವದಲ್ಲಿ ಅತಿಥಿಗಳ ಕೈಯಿಂದ ಕೊಡಿಸುವುದು ರೂಢಿ. ಪೋಷಕರಿಗೆ ಅದು ಸಂತೋಷ. ಆದರೆ ವೇದಿಕೆಗೆ ಬಂದ ಹುಡುಗಿಗೆ ತಾನು ಯಾವುದಕ್ಕಾಗಿ ಬ್ಯಾಜು ಪಡೆಯುತ್ತಿದ್ದೇನೆಂಬುದೇ ಮರೆತಿರುತ್ತದೆ. ಜೊತೆಗೆ ಚುರುಕಾದ ನಾಲ್ಕೈದು ಮಂದಿಗೇ ಎಲ್ಲ ಸಿಗುತ್ತದೆ, ಉಳಿದವರು ಚಪ್ಪಾಳೆ ತಟ್ಟುತ್ತಾ ಕೂರುತ್ತಾರೆ. ಇದನ್ನು ಸರಿಪಡಿಸುವುದು ಹೇಗೆ?
— ಗೈಡ್ ಕ್ಯಾಪ್ಟನ್, ಉಡುಪಿ ಜಿಲ್ಲೆ

ಉತ್ತರ: ಬ್ಯಾಜು ಮತ್ತು ಪ್ರಮಾಣಪತ್ರಗಳನ್ನು ಬೇರ್ಪಡಿಸಿ. ಬ್ಯಾಜು ಕಂಪನಿಯದು, ಅದನ್ನು ಗಳಿಸಿದ ವಾರದಲ್ಲೇ, ತಪ್ಪಿದರೆ ಮುಂದಿನ ಸಭೆಯಲ್ಲಿ, ಕುದುರೆಲಾಳದ ಆಕಾರದಲ್ಲಿ ನಿಂತ ಜೊತೆಗಾತಿಯರ ಮುಂದೆ ಕೊಡಿ. ಪ್ರಮಾಣಪತ್ರ ಊರಿಗೆ ಕಾಣಬೇಕಾದದ್ದು, ಅದನ್ನು ವಾರ್ಷಿಕೋತ್ಸವಕ್ಕೆ ಇಟ್ಟುಕೊಳ್ಳಿ. ಅತಿಥಿಗಳಿಗೂ ಕೈಯಲ್ಲಿ ಕೊಡಲು ಏನಾದರೂ ಬೇಕಲ್ಲ! ಪ್ರವೇಶ ಹಾಗೂ ಪ್ರಥಮ ಸೋಪಾನ ಎಂಬ ಮೊದಲ ಹಂತಗಳ ಪರೀಕ್ಷೆಗಳು ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇರುವುದರಿಂದ ತಡಮಾಡಲು ಕಾರಣವಿಲ್ಲ. ಮೇಲಿನ ಸೋಪಾನಗಳಿಗೆ ಸ್ಥಳೀಯ ಮತ್ತು ಜಿಲ್ಲಾ ಸಂಸ್ಥೆ, ರಾಜ್ಯ ಪುರಸ್ಕಾರಕ್ಕೆ ರಾಜ್ಯ ಸಂಸ್ಥೆ ಎಂದು ಹಂತ ಏರಿದಂತೆ ಫಲಿತಾಂಶ ಬರಲು ತಿಂಗಳುಗಳೇ ಹಿಡಿಯುತ್ತವೆ. ಅಂಥ ಸಂದರ್ಭದಲ್ಲಿ ಹುಡುಗಿ ಪರೀಕ್ಷಾ ಶಿಬಿರ ಮುಗಿಸಿ ಬಂದ ವಾರವೇ, ಫಲಿತಾಂಶಕ್ಕೆ ಕಾಯದೆ, ಅಲ್ಲಿ ತಾನೇನು ಮಾಡಿದಳೆಂದು ಕಂಪನಿಗೆ ಹೇಳುವ ಅವಕಾಶ ಮಾಡಿಕೊಡಿ.

ಕೊಡುವಾಗ ಆಡುವ ಮಾತೂ ಮುಖ್ಯ. 'ಪ್ರತಿಭಾವಂತೆ', 'ಶಾಲೆಗೆ ಕೀರ್ತಿ ತಂದವಳು' ಎಂಬ ಮಾತುಗಳನ್ನು ಯಾರ ಬಗ್ಗೆ ಬೇಕಾದರೂ ಹೇಳಬಹುದು, ಹಾಗಾಗಿ ಅವು ಯಾರಿಗೂ ಅಂಟುವುದಿಲ್ಲ. ಎರಡೇ ಬೆಂಕಿಕಡ್ಡಿಗಳಲ್ಲಿ ಒಲೆ ಹೊತ್ತಿಸುವ ಪರೀಕ್ಷೆಯಲ್ಲಿ ಮೊದಲ ಸಲ ಸೋತವಳು, ಆಷಾಢದ ಮಳೆಯಲ್ಲಿ ಒಣ ತೆಂಗಿನ ನಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು ತಂದು ಎರಡನೆಯ ಸಲ ಒಂದೇ ಕಡ್ಡಿಯಲ್ಲಿ ಹೊತ್ತಿಸಿದಳು ಎಂದು ಹೇಳಿ ನೋಡಿ. ಕೇಳಿದವರಿಗೆ ಆ ಹುಡುಗಿಯೂ ಕಾಣುತ್ತಾಳೆ, ಒಣ ನಾರಿನ ಉಪಾಯವೂ ತಿಳಿಯುತ್ತದೆ. ಇದನ್ನು ನೀವು ಹೇಳುವುದಕ್ಕಿಂತ ಅವಳ ಪಟ್ರೋಲ್ ಲೀಡರ್ ಹೇಳಿದರೆ ತೂಕ ಹೆಚ್ಚು.

ಚುರುಕಾದವರಿಗೇ ಎಲ್ಲವೂ ಸಿಗುತ್ತದೆ ಎಂಬ ಕೊರಗಿಗೆ ಕೆಲವರು ಹುಡುಕುವ ಪರಿಹಾರವೆಂದರೆ ಪರೀಕ್ಷೆಯನ್ನು ಸಡಿಲಗೊಳಿಸಿ ಎಲ್ಲರಿಗೂ ಬ್ಯಾಜು ಹಂಚುವುದು. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಕನಿಕರಕ್ಕೆ ಕೊಟ್ಟ ಬ್ಯಾಜು ಯಾವುದೆಂದು ಮಕ್ಕಳಿಗೆ ನಮಗಿಂತ ಮೊದಲೇ ಗೊತ್ತಾಗುತ್ತದೆ. ಪ್ರಾವೀಣ್ಯ ಬ್ಯಾಜುಗಳ ವಿಷಯದಲ್ಲಂತೂ ಆ ವಿದ್ಯೆ ಬಲ್ಲ ಹೊರಗಿನವರಿಂದಲೇ ಪರೀಕ್ಷೆ ಮಾಡಿಸಿ: ಅಡುಗೆಯ ಬ್ಯಾಜಿಗೆ ಬಿಸಿಯೂಟದ ಮುಖ್ಯ ಅಡುಗೆಯವರು, ಪ್ರಥಮ ಚಿಕಿತ್ಸೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿ. ಜಿಲ್ಲಾ ಸಂಸ್ಥೆಯ ಒಪ್ಪಿಗೆ ಪಡೆದು ಇಂಥವರನ್ನು ಕರೆಸಿದರೆ, ಅಕ್ಕನವರು ತಮ್ಮ ಇಷ್ಟದವರಿಗೆ ಕೊಟ್ಟರು ಎಂಬ ಮಾತು ಹುಟ್ಟುವುದಿಲ್ಲ. ತಾನು ಬೇಯಿಸಿದ ಅನ್ನ ಮುದ್ದೆಯಾಗಿದೆ ಎಂದು ನೂರು ಮಕ್ಕಳಿಗೆ ದಿನವೂ ಅಡುಗೆ ಮಾಡುವವರು ಹೇಳಿದಾಗ ಹುಡುಗಿಗೆ ಅವಮಾನವೂ ಆಗುವುದಿಲ್ಲ, ನೀರಿನ ಅಳತೆ ಕೇಳಿ ಕಲಿಯುತ್ತಾಳೆ.

ಹಾಗಾದರೆ ಹಿಂದುಳಿದವರಿಗೆ ಏನು? ಮೊದಲನೆಯದಾಗಿ, ಯಾರಿಗೆ ಯಾವ ಪರೀಕ್ಷೆ ಬಾಕಿ ಎಂಬುದನ್ನು ಪ್ರತಿ ಪಟ್ರೋಲ್ ಲೀಡರ್ ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮೂಲೆಯ ಅಭ್ಯಾಸದ ಹೊತ್ತಿನಲ್ಲಿ ಅವರಿಗೇ ಮೊದಲು ಗಮನ ಕೊಡಬೇಕು. ಈ ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವ ಪದ್ಧತಿ ಅನೇಕ ಕಡೆ ಇದೆ. ಮುಂದಿರುವವರಿಗೆ ಅದು ಹುಮ್ಮಸ್ಸು ಕೊಡುವುದು ನಿಜ, ಖಾಲಿ ಚೌಕಗಳ ಮುಂದೆ ಹೆಸರಿರುವ ಹುಡುಗಿ ಮಾತ್ರ ಆ ಗೋಡೆಯ ಕಡೆಗೇ ತಿರುಗುವುದಿಲ್ಲ. ಅಂಕಗಳ ಸ್ಪರ್ಧೆ ಬೇಕೆಂದರೆ ಅದು ಪಟ್ರೋಲ್‌ಗಳ ನಡುವೆ ಇರಲಿ, ವ್ಯಕ್ತಿಗಳ ನಡುವೆ ಬೇಡ. ಪ್ರತಿ ತಿಂಗಳೂ ಸೊನ್ನೆಯಿಂದ ಆರಂಭವಾಗಲಿ, ಇಲ್ಲದಿದ್ದರೆ ಜುಲೈನಲ್ಲಿ ಹಿಂದೆ ಬಿದ್ದ ಪಟ್ರೋಲ್ ವರ್ಷವಿಡೀ ಕೈಚೆಲ್ಲಿ ಕೂರುತ್ತದೆ. ಪಟ್ರೋಲಿನ ಎಲ್ಲರೂ ಒಂದು ವಿದ್ಯೆ ಕಲಿತರೆ ಹೆಚ್ಚು ಅಂಕ ಎಂದು ನಿಯಮ ಮಾಡಿದರೆ, ಚುರುಕಾದವರು ತಾವಾಗಿಯೇ ಪಕ್ಕದವರಿಗೆ ಹೇಳಿಕೊಡಲು ಕೂರುತ್ತಾರೆ.

ಎರಡನೆಯದಾಗಿ, ಯಾವ ಬ್ಯಾಜಿನ ಅಡಿಯಲ್ಲೂ ಬಾರದ ಕೆಲಸಗಳಿವೆ. ಹಗ್ಗ, ಬಾವುಟ, ಪಾತ್ರೆಗಳ ಪೆಟ್ಟಿಗೆಯನ್ನು ವರ್ಷವಿಡೀ ಜೋಡಿಸಿಟ್ಟವಳು, ಹೈಕ್‌ನಲ್ಲಿ ಕಾಲು ಉಳುಕಿದವಳ ಚೀಲವನ್ನು ಕೇಳದೆಯೇ ಹೊತ್ತವಳು. ಇವನ್ನು ಕಂಪನಿಯ ಲಾಗ್ ಪುಸ್ತಕದಲ್ಲಿ ಬರೆಸಿ, ತಿಂಗಳ ಕೊನೆಯ ಸಭೆಯಲ್ಲಿ ಓದಿಸಿ. ಕೋರ್ಟ್ ಆಫ್ ಆನರ್ ಪರವಾಗಿ ಮನೆಗೆ ಒಂದು ಅಂಚೆ ಕಾರ್ಡು ಹಾಕಿ. ಮೂರು ಸಾಲು ಸಾಕು, ಕೆಳಗೆ ಪಟ್ರೋಲ್ ಲೀಡರ್‌ಗಳ ಸಹಿ ಇರಲಿ. ಮಗಳ ಬಗ್ಗೆ ಶಾಲೆಯಿಂದ ಕಾಗದ ಬಂದರೆ ದೂರೇ ಇರಬೇಕೆಂದು ಹೆದರುವ ಮನೆಗಳಲ್ಲಿ ಆ ಕಾರ್ಡು ಎಷ್ಟು ಕಾಲ ಉಳಿಯುತ್ತದೆಂದು ನಿಮಗೆ ಮುಂದಿನ ಪೋಷಕರ ಸಭೆಯಲ್ಲಿ ತಿಳಿಯುತ್ತದೆ.

ಪ್ರಶ್ನೆ: ನನ್ನ ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಸಿಇಟಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಮೀಸಲಾತಿ ಇದೆಯೆಂದು ಕೇಳಿ ಈ ವರ್ಷ ದಳಕ್ಕೆ ಸೇರಿಸಿದ್ದೇನೆ. ಹತ್ತನೆಯ ತರಗತಿ ಮುಗಿಯುವುದರೊಳಗೆ ರಾಜ್ಯ ಪುರಸ್ಕಾರ ಸಿಗುವಂತೆ ಮಾಡಬಹುದೇ? ವಾರದ ಸಭೆಗೆ ಬರುವುದು ಟ್ಯೂಷನ್ ಕಾರಣ ಕಷ್ಟ. ಶಿಬಿರಗಳಿಗೆ ತಪ್ಪದೆ ಕಳುಹಿಸುತ್ತೇನೆ.
— ಪೋಷಕರು, ತುಮಕೂರು

ಉತ್ತರ: ಸ್ಕೌಟ್ ವಿಭಾಗದಲ್ಲಿ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಎಂಬುದು ಕ್ರಮ. ಒಂದನ್ನು ಮುಗಿಸದೆ ಇನ್ನೊಂದಕ್ಕೆ ಹೋಗುವಂತಿಲ್ಲ, ಪ್ರತಿ ಹಂತದಲ್ಲೂ ಇಂತಿಷ್ಟು ತಿಂಗಳು ಕೆಲಸ ಮಾಡಿರಲೇಬೇಕೆಂಬ ನಿಯಮವಿದೆ. ಈ ತಿಂಗಳುಗಳನ್ನು ಕೂಡಿಸಿದರೆ ಒಂಬತ್ತನೆಯ ತರಗತಿಯಲ್ಲಿ ಹೊಸದಾಗಿ ಸೇರಿದವನು ಹತ್ತನೆಯದರೊಳಗೆ ರಾಜ್ಯ ಪುರಸ್ಕಾರ ಮುಟ್ಟುವುದು ಆಗದ ಮಾತು. ಆರನೆಯ ತರಗತಿಯಲ್ಲೇ ಸೇರಿದವರಿಗೆ ಕಾಲ ಕೂಡಿಬರುತ್ತದೆ. ಯಾರಾದರೂ ಹಿಂದಿನ ದಿನಾಂಕ ಹಾಕಿ ದಾಖಲೆ ಮಾಡಿಕೊಡುತ್ತೇನೆಂದರೆ ದಯವಿಟ್ಟು ಒಪ್ಪಬೇಡಿ. ಪರೀಕ್ಷಾ ಶಿಬಿರದಲ್ಲಿ ಲಾಗ್ ಪುಸ್ತಕವನ್ನು ತೆರೆದು ಪ್ರಶ್ನೆ ಕೇಳಿದಾಗ ನಿಲ್ಲಬೇಕಾದವನು ನಿಮ್ಮ ಮಗ.

ಸಿಇಟಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ವಿಶೇಷ ವರ್ಗ ಇರುವುದು ನಿಜ. ಯಾವ ಕೋರ್ಸಿಗೆ, ಯಾವ ಪ್ರಮಾಣಪತ್ರಕ್ಕೆ ಎಂಬುದನ್ನು ಆಯಾ ವರ್ಷದ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಿಂದಲೇ ತಿಳಿಯಿರಿ. ರೈಲ್ವೆ ನೇಮಕಾತಿಯಲ್ಲೂ ಸ್ಕೌಟ್ ಕೋಟಾ ಉಂಟು. ಇವನ್ನು ಬಯಸುವುದು ತಪ್ಪೆಂದು ನಾನು ಹೇಳುವುದಿಲ್ಲ, ಆದರೆ ವಾರದ ಸಭೆಯನ್ನು ಬಿಟ್ಟು ಶಿಬಿರಕ್ಕೆ ಮಾತ್ರ ಬರುವ ಹುಡುಗನಿಗೆ ಅಲ್ಲಿ ಪಟ್ರೋಲ್ ಇರುವುದಿಲ್ಲ. ಗುಡಾರ ಕಟ್ಟುವಾಗ ಅವನು ಪಕ್ಕದಲ್ಲಿ ನಿಂತು ನೋಡುತ್ತಾನೆ. ಟ್ಯೂಷನ್‌ನವರೊಂದಿಗೆ ಮಾತನಾಡಿ ಶನಿವಾರದ ಒಂದು ಗಂಟೆಯನ್ನು ಬಿಡಿಸಿಕೊಡಿ. ಪದವಿಪೂರ್ವ ಕಾಲೇಜಿನಲ್ಲಿ ರೋವರ್ ವಿಭಾಗ (ದೊಡ್ಡ ಹುಡುಗರ ಸ್ಕೌಟ್ ವಿಭಾಗ) ಇದ್ದರೆ ಅಲ್ಲಿಯೂ ರಾಜ್ಯ ಪುರಸ್ಕಾರದ ದಾರಿ ಇದೆ.

ಪ್ರಶ್ನೆ: ನಾನು ಪಟ್ರೋಲ್ ಲೀಡರ್, ಒಂಬತ್ತನೇ ತರಗತಿ. ಸರ್ ಇದ್ದಾಗ ನನ್ನ ಪಟ್ರೋಲಿನವರು ಮಾತು ಕೇಳುತ್ತಾರೆ, ಇಲ್ಲದಿದ್ದಾಗ ಕೇಳುವುದಿಲ್ಲ. ಒಬ್ಬನಂತೂ ನನಗಿಂತ ದೊಡ್ಡವನು. ಏನು ಮಾಡಲಿ?
— ಶಿವಮೊಗ್ಗ ಜಿಲ್ಲೆ

ಉತ್ತರ: ಸರ್ ಹತ್ತಿರ ದೂರು ಹೇಳುವುದನ್ನು ಸ್ವಲ್ಪ ದಿನ ನಿಲ್ಲಿಸಪ್ಪ, ಪ್ರತಿ ಸಲ ದೂರು ಹೋದಾಗಲೂ ಲೀಡರ್ ನೀನಲ್ಲ, ಸರ್ ಎಂದೇ ಅವರಿಗೆ ಅನ್ನಿಸುತ್ತದೆ. ಎಂಟು ಮಂದಿಗೂ ಒಂದೊಂದು ಜವಾಬ್ದಾರಿ ಹಂಚು: ಒಬ್ಬ ಹಗ್ಗಗಳಿಗೆ, ಒಬ್ಬ ಹಾಜರಿ ಪುಸ್ತಕಕ್ಕೆ, ಒಬ್ಬ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ, ಒಬ್ಬ ಹಾಡಿಗೆ, ಹೀಗೆ. ನಿನಗಿಂತ ದೊಡ್ಡವನಾದ ಆ ಹುಡುಗನಿಗೆ ನಿನಗಿಂತ ಚೆನ್ನಾಗಿ ಬರುವ ಕೆಲಸ ಒಂದಿದ್ದೇ ಇರುತ್ತದೆ. ಅದನ್ನು ಅವನೇ ಎಲ್ಲರಿಗೂ ಕಲಿಸಲಿ, ನೀನೂ ಕುಳಿತು ಕಲಿ. ನಿನ್ನ ಸೆಕೆಂಡ್, ಅಂದರೆ ಉಪನಾಯಕನ ಜೊತೆ ವಾರದಲ್ಲಿ ಒಮ್ಮೆ, ಊಟದ ಬಿಡುವಿನಲ್ಲಾದರೂ ಸರಿ, ಶನಿವಾರದ ಕೆಲಸವನ್ನು ಮಾತನಾಡಿಕೊಂಡು ಬಾ. ಏನು ಮಾಡಬೇಕೆಂದು ಗೊತ್ತಿಲ್ಲದ ಐದು ನಿಮಿಷದಲ್ಲೇ ಗಲಾಟೆ ಶುರುವಾಗುವುದು.

ಪ್ರಶ್ನೆ: ಕಬ್ ವಿಭಾಗದಲ್ಲಿ ಬ್ಯಾಜು ಸಿಗದ ಪುಟ್ಟ ಮಕ್ಕಳು ಅಳುತ್ತಾರೆ. ಈ ವಯಸ್ಸಿನಲ್ಲಿ ಬ್ಯಾಜುಗಳೇ ಬೇಡವೆಂದು ಕೆಲವು ತಾಯಂದಿರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?
— ಕಬ್ ಮಾಸ್ಟರ್, ಬೆಂಗಳೂರು

ಉತ್ತರ: ಬ್ಯಾಜು ಇರಲಿ, ಕಾಯಿಸುವುದು ಬೇಡ. ಕಬ್‌ಗಳ ಹಂತಗಳಾದ ಪ್ರಥಮ ಚರಣದಿಂದ ಚತುರ್ಥ ಚರಣದವರೆಗಿನ ಪರೀಕ್ಷೆಗಳನ್ನು ನೋಡಿದರೆ ಅವು ಚಿಕ್ಕಚಿಕ್ಕ ಕೆಲಸಗಳ ಪಟ್ಟಿ. ಅದರಲ್ಲಿ ವಾರಕ್ಕೊಂದನ್ನು ಆಟದ ಹಾಗೆ ಮಾಡಿಸಿ, ಮುಗಿಸಿದ ಕೂಡಲೇ ಮಗುವಿನ ಕಾರ್ಡಿನಲ್ಲಿ ಅದರ ಎದುರೇ ಸಹಿ ಹಾಕಿಕೊಡಿ. ಏಳು ವರ್ಷದ ಮಗುವಿಗೆ ಆರು ತಿಂಗಳ ಬಳಿಕ ಬರುವ ಬ್ಯಾಜಿಗಿಂತ ಇಂದು ಬಿದ್ದ ಸಹಿ ದೊಡ್ಡದು. ಪ್ಯಾಕ್‌ನಲ್ಲಿ, ಅಂದರೆ ಕಬ್‌ಗಳ ದಳದಲ್ಲಿ, 24ಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸಿಕೊಳ್ಳಬೇಡಿ, ಏಕೆಂದರೆ ಅದಕ್ಕಿಂತ ಹೆಚ್ಚಾದರೆ ನಿಮಗೆ ಪ್ರತಿಯೊಬ್ಬರ ಕಾರ್ಡನ್ನೂ ನೋಡಲಾಗುವುದಿಲ್ಲ. ಅಳು ಬಹುಪಾಲು ಅಲ್ಲಿಂದಲೇ ಬರುತ್ತದೆ. ಬ್ಯಾಜು ಕೊಡುವ ದಿನ ಒಬ್ಬನಿಗೇ ಕೊಡದೆ, ಅವನ ಸಿಕ್ಸ್‌ನ, ಅಂದರೆ ಪ್ಯಾಕ್‌ನೊಳಗಿನ ಅವನ ಚಿಕ್ಕ ತಂಡದ, ಆರೂ ಮಂದಿ ಮುಂದೆ ಬಂದು ಅವನೊಂದಿಗೆ ನಿಲ್ಲಲಿ. ಅಳುವ ಮಗುವಿಗೆ ಸಮಾಧಾನವಾಗಿ ಚಾಕೊಲೇಟ್ ಕೊಡಬೇಡಿ. ಮುಂದಿನ ವಾರ ಮುಗಿಸಬಹುದಾದ ಒಂದು ಪರೀಕ್ಷೆಯನ್ನು ಅದರ ಕಾರ್ಡಿನಲ್ಲಿ ಬೆರಳಿಟ್ಟು ತೋರಿಸಿ.